ಕೈಗೇನು ಕೆಲಸ ಕೊಡ್ತೈತಿ?

ಹೋದ ದೀಪಾವಳಿ ಪಾಡ್ಯದ ಮಧ್ಯಾಹ್ನ, ಹೋಳಿಗೆ ಊಟ ಮುಗಿಸಿ ಮನೆಮಂದಿಯೆಲ್ಲ ಅಡ್ಡಾಗಿದ್ದ ಹೊತ್ತಿನಲ್ಲಿ, ನಾನು ಹೊಯ್ಸಳರ ಕಾಲದ ಕಲ್ಲಿನ ಮೂರ್ತಿಯೊಂದರ ಮುಂಗೈಗೆ ಜೋತುಬಿದ್ದಿದ್ದೆ. ಕೆಳಗೆ ತಳ ಕಾಣದ ಪ್ರಪಾತ. ಕೈಯಲ್ಲಿ ಬೆವರು. ಪಕ್ಕದಲ್ಲಿ ಚಕ್ಕಲಿ ಮುರಿಯುತ್ತ ಕೂತಿದ್ದ ಅಕ್ಕನ ಮಗ, "ಮಾಮಾ, ಕೆಳಗ ನೋಡಬ್ಯಾಡ್ರಿ. ಕಲ್ಲಿನ ಅಂಚು ಎಲ್ಲಿ ಬೆಳ್ಳಗ ಕಾಣತೈತಿ, ಅಲ್ಲೇ ಕೈ ಹಾಕ್ರಿ" ಅಂದ. ಹೊಸ್ತಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಚಿಗವ್ವ ತಲೆಯೆತ್ತಿ ಟಿವಿ ನೋಡಿದಳು. "ದೇವರ ಮೂರ್ತಿ ಮ್ಯಾಲೆ ಕಾಲಿಟ್ಟು ಹತ್ತಾಕತ್ತೀಯಲ್ಲೋ. ಆ ಹುಡುಗಿ ಬೂಟು ಸೈತ ಬಿಟ್ಟಿಲ್ಲ!"

ಬೆಟಗೇರಿಯ ಚಿಗವ್ವನ ಮನೆಯಲ್ಲಿ ಆ ಐದಾರು ದಿನ ನಡೆದದ್ದು ಇದೇ. ಅಕ್ಕನ ಮಗನ ಊರು ಮುಂಡರಗಿ, ನೌಕರಿ ಬೆಂಗಳೂರಲ್ಲಿ. ಹಬ್ಬಕ್ಕೆ ಬರುವಾಗ ಬಟ್ಟೆಯ ಬ್ಯಾಗಿನ ನಡುವೆ ಟವಲ್ ಸುತ್ತಿಕೊಂಡು ಒಂದು ಪ್ಲೇಸ್ಟೇಷನ್ 5 ತಂದಿದ್ದ. 2021ರ ಫೆಬ್ರುವರಿಯಲ್ಲಿ ಈ ಪೆಟ್ಟಿಗೆ ಭಾರತಕ್ಕೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ ಇತ್ತು. ಈ ಬೆಲೆ ಚಿಗವ್ವನಿಗೆ ಹೇಳಬಾರದು ಎಂದು ನಮ್ಮಿಬ್ಬರಲ್ಲಿ ಮೊದಲೇ ಒಪ್ಪಂದವಾಗಿತ್ತು. ನನ್ನ ಹೊಟ್ಟೆಪಾಡು ಪ್ರೆಸ್ಸಿನಲ್ಲಿ ಕರಡು ತಿದ್ದುವುದು. ವಿಡಿಯೋ ಗೇಮ್ ಮುಟ್ಟಿ ಇಪ್ಪತ್ತು ವರ್ಷದ ಮೇಲಾಗಿತ್ತು. ಹೀಗಾಗಿ ಕೆಳಗೆ ಬರೆದಿರುವುದನ್ನು ಪಳಗಿದ ಆಟಗಾರನ ತೀರ್ಪು ಎಂದು ಯಾರೂ ತಿಳಿಯಬಾರದು.

ಜೋತುಬಿದ್ದಿದ್ದ ಆಟದ ಹೆಸರು 'ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ'. 2017ರ ಆಗಸ್ಟಿನಲ್ಲಿ ಬಂದದ್ದು. ಅಮೆರಿಕದ ನಾಟಿ ಡಾಗ್ ಎಂಬ ಕಂಪನಿ ಮಾಡಿದ್ದು. ಹಳೆಯದಾದರೂ ಹುಡುಗ ಇದನ್ನೇ ಮೊದಲು ಹಾಕಿದ್ದಕ್ಕೆ ಕಾರಣವಿತ್ತು: ಜಗತ್ತಿನ ದೊಡ್ಡ ಗೇಮುಗಳ ಪೈಕಿ ಕರ್ನಾಟಕದೊಳಗೆ ಕಾಲಿಟ್ಟಿದ್ದು ಇದೊಂದೇ ಎಂಬುದು ಅವನ ವಾದ. ಕ್ಲೋಯಿ ಫ್ರೇಜರ್ ಎಂಬವಳು, ಅರ್ಧ ಭಾರತದ ರಕ್ತದವಳು, ನದೀನ್ ರಾಸ್ ಎಂಬ ಜೊತೆಗಾರ್ತಿಯೊಡನೆ ಜೀಪು ಏರಿ ಪಶ್ಚಿಮ ಘಟ್ಟಕ್ಕೆ ಬರುತ್ತಾಳೆ. ಹುಡುಕುತ್ತಿರುವುದು ಗಣೇಶನ ದಂತವನ್ನು, ಹೊಯ್ಸಳರು ಬಚ್ಚಿಟ್ಟ ದಂತವನ್ನು. ಹಿಂದೆ ಬಿದ್ದ ಖಳ ಆಸವ್. ಬೇಲೂರು ಹಳೇಬೀಡುಗಳನ್ನು ಆಟ ಕಟ್ಟಿದವರು ಕಾಡಿನ ನಡುವೆ, ಜಲಪಾತಗಳ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದ ನಗರಗಳನ್ನಾಗಿ ಮಾಡಿಬಿಟ್ಟಿದ್ದಾರೆ. ನಿಜದ ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಇವತ್ತಿಗೂ ದಿನಾ ಪೂಜೆ ನಡೆಯುತ್ತದೆ, ಗುಡಿಯ ಮುಂದೆ ಎಳನೀರು ಮಾರುತ್ತಾರೆ. ಕಳೆದುಹೋಗಲು ಅಲ್ಲಿ ಜಾಗವೇ ಇಲ್ಲ.

ಇದನ್ನು ತಪ್ಪೆಂದು ಗೊಣಗುವ ಇರಾದೆ ನನಗಿಲ್ಲ. ಆಟಕ್ಕೆ ಬೇಕಾದದ್ದು ಹುಡುಕಾಟ, ಸಿಕ್ಕಿಬಿಟ್ಟಿರುವ ಊರನ್ನು ಹುಡುಕುವುದಕ್ಕೆ ಬರುವುದಿಲ್ಲ. ಘಟ್ಟದ ಮಂಜು, ಕೋತಿಗಳು, ಮಳೆ ನಿಂತ ಮೇಲಿನ ಹಸಿರು, ಕೆಸರಿನಲ್ಲಿ ಜಾರುವ ಜೀಪಿನ ಗಾಲಿ ಎಲ್ಲವನ್ನೂ ಅವರು ಮನಸ್ಸಿಟ್ಟು ಮಾಡಿದ್ದಾರೆ. ಒಂದು ಕಡೆ ನೆರಳಿನ ಒಗಟು ಬರುತ್ತದೆ. ಕಲ್ಲಿನ ತುಂಡುಗಳನ್ನು ತಿರುಗಿಸುತ್ತ ಹೋದರೆ ಗೋಡೆಯ ಮೇಲೆ ಬಿದ್ದ ನೆರಳು ಕೂಡಿ ಚಿತ್ರವಾಗುತ್ತದೆ. ತೊಗಲು ಗೊಂಬೆಯಾಟ ನೋಡಿದವರಿಗೆ ಪರದೆಯ ಹಿಂದೆ ಕೂತು ದೀಪ ಹಿಡಿದಂತೆ ಅನಿಸುತ್ತದೆ. ನಾನು ಅಲ್ಲಿ ಅರ್ಧ ತಾಸು ಕಳೆದೆ. ಹುಡುಗ ತಡೆಯಲಾರದೆ ಕಂಟ್ರೋಲರ್ ಕಸಿದುಕೊಂಡ.

ಗಣೇಶನ ದಂತ ಮುರಿದದ್ದು ಹೇಗೆ ಎಂದು ಕ್ಲೋಯಿ ತನ್ನ ಗೆಳತಿಗೆ ಹೇಳುತ್ತಾಳೆ: ಪರಶುರಾಮನ ಕೊಡಲಿ ಶಿವ ಕೊಟ್ಟದ್ದು, ಅಪ್ಪನ ಆಯುಧಕ್ಕೆ ಅವಮಾನವಾಗಬಾರದೆಂದು ಗಣೇಶ ಏಟನ್ನು ದಂತದ ಮೇಲೆ ತೆಗೆದುಕೊಂಡ. ಸರಿಯಾದ ಕತೆಯೇ. ಆದರೆ ಗದುಗಿನವರಿಗೆ ಮೊದಲು ನೆನಪಾಗುವ ದಂತ ಬೇರೆಯದು. ವ್ಯಾಸರು ಹೇಳುತ್ತಾ ಹೋದ ಭಾರತವನ್ನು ಬರೆದುಕೊಳ್ಳಲು ಗಣೇಶ ಮುರಿದುಕೊಂಡ ದಂತ. ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಊರು ಇದು. ಇಲ್ಲಿ ದಂತವೆಂದರೆ ನಿಧಿಯಲ್ಲ, ಲೇಖನಿ. ಚಿಗವ್ವ ಹೇಳಿದ್ದೂ ಇದೇ ಕತೆ. ಬೂಟಿನ ಸಿಟ್ಟು ಮಾತ್ರ ಇಳಿದಿರಲಿಲ್ಲ.

ಹಬ್ಬ ಮುಗಿದ ಭಾನುವಾರ ಹುಡುಗನನ್ನು ಬೈಕ್ ಹತ್ತಿಸಿ ಲಕ್ಕುಂಡಿಗೆ ಕರೆದೊಯ್ದೆ. ಗದಗಿನಿಂದ 12 ಕಿಲೋಮೀಟರ್. ಆಟದ ಹೊಯ್ಸಳರು ಕಾಡಿನಲ್ಲಿ ಕಳೆದುಹೋದವರು, ನಮ್ಮ ಹೊಯ್ಸಳರು ಬಸ್ಸಿಗೆ ಹೋದರೂ ಸಿಗುತ್ತಾರೆ. 1190ರ ಹೊತ್ತಿಗೆ ಗದಗ ಬಳಿಯ ಸೊರಟೂರಿನಲ್ಲಿ ಇಮ್ಮಡಿ ವೀರಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ. ಲೊಕ್ಕಿಗುಂಡಿ, ಅಂದರೆ ಇವತ್ತಿನ ಲಕ್ಕುಂಡಿ, ಅವನ ನೆಲೆವೀಡಾಯಿತು. 1192ರ ಅವನ ಶಾಸನ ನಮ್ಮ ತ್ರಿಕೂಟೇಶ್ವರ ಗುಡಿಯದು. ಆ ಗುಡಿಯ ಸುತ್ತ ಆಡಿ ಬೆಳೆದ ನನಗೂ ಇದು ಗೊತ್ತಾದದ್ದು ಪ್ರೆಸ್ಸಿಗೆ ಬಂದ ಯಾವುದೋ ಪುಸ್ತಕದ ಕರಡು ತಿದ್ದುವಾಗ.

ಲಕ್ಕುಂಡಿಯ ಗುಡಿಗಳು ಬಹುಪಾಲು ಹೊಯ್ಸಳರಿಗಿಂತ ಹಿಂದಿನವು, ಚಾಲುಕ್ಯರ ಕಾಲದವು. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ 1007ರದು. ಮರಳುಗಲ್ಲು ಬಿಟ್ಟು ಬಳಪದ ಕಲ್ಲಿಗೆ ಕೈಯಿಟ್ಟ ಶಿಲ್ಪಿಗಳು ಈ ಸೀಮೆಯವರು. ನೆಲದಿಂದ ತೆಗೆದಾಗ ಮೆತ್ತಗಿರುವ ಆ ಕಲ್ಲು ಉಳಿಗೆ ಸಲೀಸಾಗಿ ಒದಗುತ್ತದೆ, ಗಾಳಿಗೆ ಒಡ್ಡಿಕೊಂಡಷ್ಟೂ ಗಟ್ಟಿಯಾಗುತ್ತದೆ. ಮುಂದೆ ಬೇಲೂರಿನಲ್ಲಿ ಬೆರಗು ಹುಟ್ಟಿಸಿದ ಕುಸುರಿಯ ಬೇರು ಇಲ್ಲಿದೆ. ಕಾಶಿ ವಿಶ್ವನಾಥನ ಗುಡಿಯ ಬಾಗಿಲವಾಡದ ಮುಂದೆ ಹುಡುಗ ಸುಮ್ಮನೆ ನಿಂತುಬಿಟ್ಟ. ಆಮೇಲೆ ನೋಡುತ್ತೇನೆ, ಅವನ ಕಣ್ಣು ಕೆತ್ತನೆಯನ್ನು ನೋಡುತ್ತಿಲ್ಲ, ಏಣಿ ಹುಡುಕುತ್ತಿದೆ. "ಮಾಮಾ, ಇಲ್ಲಿಂದ ಆ ಗೂಡಿಗೆ ಕೈ, ಅಲ್ಲಿಂದ ಸೂರಿನ ಅಂಚಿಗೆ ಜಿಗಿದರ ಶಿಖರ ಮುಟ್ಟಬಹುದು." ಮಾಣಿಕೇಶ್ವರದ ಮುಸುಕಿನ ಬಾವಿಯ ಮೆಟ್ಟಿಲು ಇಳಿಯುವಾಗಲೂ ಅಷ್ಟೇ. ಗೋಡೆಯ ಒಂದೊಂದು ಗೂಡನ್ನೂ ಬಗ್ಗಿ ನೋಡಿದ. ಆಟದಲ್ಲಿ ಘಟ್ಟದ ತುಂಬ ಹೊಯ್ಸಳರ 11 ಬಿಲ್ಲೆಗಳನ್ನು ಅಡಗಿಸಿಟ್ಟಿದ್ದಾರೆ. ಅಷ್ಟನ್ನೂ ಕೂಡಿಸಿದವರಿಗೆ ರಾಣಿಯ ಕೆಂಪು ಹರಳಿನ ಬಳೆ. ಹುಡುಗ ಅವನ್ನು ಎರಡು ಸಲ ಕೂಡಿಸಿದವನು, ಬಗ್ಗದೆ ಇರುವುದು ಹೇಗೆ?

ನಾನು ಈ ಬಾವಿಗೆ ಹತ್ತು ಸಲವಾದರೂ ಬಂದಿದ್ದೇನೆ. ಆ ಗೂಡುಗಳನ್ನು ಒಂದೊಂದಾಗಿ ನೋಡಿದ್ದು ಅವತ್ತೇ ಮೊದಲು.

ಆ ಬೆಳ್ಳಗಿನ ಅಂಚಿನ ಮಾತಿಗೆ ಮರಳುತ್ತೇನೆ. ಕಂಪ್ಯೂಟರಿನಲ್ಲಿ ಬರೆದ ಬೆಟ್ಟದಲ್ಲಿ ಸಾವಿರ ಕಲ್ಲು ಕಾಣುತ್ತವೆ, ಹಿಡಿಯಲು ಬರುವುದು ನಲವತ್ತೋ ಐವತ್ತೋ. ಯಾವುದು ಎಂದು ಹೇಳದಿದ್ದರೆ ಆಡುವವನು ಬೇಸತ್ತು ಎದ್ದುಹೋಗುತ್ತಾನೆ. ಅದಕ್ಕೇ ಹಿಡಿಕೆಯ ಅಂಚುಗಳಿಗೆ ಸವೆದ ಬಣ್ಣ, ಹಕ್ಕಿಯ ಹಿಕ್ಕೆ, ಸುಣ್ಣದ ಗೀರು. ಕೆಲವರು ಢಾಳಾಗಿ ಹಳದಿ ಪೇಂಟನ್ನೇ ಬಳಿಯುತ್ತಾರೆ. ಅದು ಹೆಚ್ಚಾಯಿತೆಂದು 2024ರಲ್ಲಿ ಆಟಗಾರರ ನಡುವೆ ದೊಡ್ಡ ಜಗಳವೇ ಆಯಿತು. ಬಣ್ಣ ಬಳಿದರೆ 'ನಮ್ಮನ್ನು ದಡ್ಡರು ಅಂದ್ಕೊಂಡಿದ್ದೀರಾ' ಎನ್ನುತ್ತಾರೆ, ಬಳಿಯದಿದ್ದರೆ 'ದಾರಿಯೇ ಕಾಣುವುದಿಲ್ಲ' ಎನ್ನುತ್ತಾರೆ. ಕರಡು ತಿದ್ದುವವನಿಗೆ ಈ ಪಾಡು ಗೊತ್ತು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ದೂರು. ಚಿಗವ್ವ ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಸೀರೆ ನೇಯ್ದವಳು. ಎರಡು ದಿನ ನಮ್ಮ ಆಟ ನೋಡಿ ಮೂರನೆಯ ದಿನ ಕೇಳಿದಳು: "ಅಲ್ಲೋ, ಅಕಿ ಅಷ್ಟೆಲ್ಲ ಹತ್ತತಾಳ, ಇಳಿತಾಳ, ಹಗ್ಗ ಒಗಿತಾಳ. ನಿನ್ನ ಕೈಗೇನು ಕೆಲಸ ಕೊಡ್ತೈತಿ ಇದು?" ಉತ್ತರ ಹೊಳೆಯಲಿಲ್ಲ. ಹೌದಲ್ಲ, ನಾನು ಮಾಡುತ್ತಿದ್ದದ್ದು ಹೆಬ್ಬೆರಳಿನಿಂದ ಒಂದು ಕಡ್ಡಿ ಮುಂದಕ್ಕೆ ನೂಕುವುದು, ಆಗಾಗ ಗುಂಡಿ ಒತ್ತುವುದು. ಪರದೆಯ ಮೇಲೆ ಸರ್ಕಸ್ಸು, ಕೈಯಲ್ಲಿ ತೌಡು ಕುಟ್ಟುವಷ್ಟೂ ಕೆಲಸವಿಲ್ಲ. ಆಮೇಲೆ ಆಡಿದ ಆಟಗಳನ್ನೆಲ್ಲ ನಾನು ಅಳೆದದ್ದು ಅವಳು ಕೊಟ್ಟ ಈ ಅಳತೆಗೋಲಿನಿಂದಲೇ.

ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ 2020ರಲ್ಲಿ ತಂದ 'ರಾಜಿ' ಈ ಅಳತೆಯಲ್ಲಿ ನಡುಮಟ್ಟ. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಟ ಹುಡುಗಿ, ಕೈಯಲ್ಲಿ ತ್ರಿಶೂಲ, ಕತೆ ಹೇಳುವವರು ದುರ್ಗೆ ಮತ್ತು ವಿಷ್ಣು. ಕಣ್ಣಿಗೆ ಹಬ್ಬ, ನಡುನಡುವೆ ಬರುವ ಗೊಂಬೆಯಾಟದ ದೃಶ್ಯಗಳಂತೂ ಚೆಂದ. ಹೊಡೆದಾಟ ಬಂದಾಗ ಗುಂಡಿ ಒತ್ತಿದ್ದಕ್ಕೂ ತ್ರಿಶೂಲ ಬೀಸಿದ್ದಕ್ಕೂ ನಡುವೆ ಒಂದು ಗುಟುಕಿನಷ್ಟು ತಡ ಅನಿಸಿತು. 'ಎಲ್ಡನ್ ರಿಂಗ್' ಎಂಬುದನ್ನೂ ಹುಡುಗ ಹಾಕಿಕೊಟ್ಟ. ಮುಕ್ಕಾಲು ತಾಸಿನಲ್ಲಿ ಹದಿನೇಳು ಸಲ ಸತ್ತೆ. ಅದರ ಬಗ್ಗೆ ಇಷ್ಟು ಸಾಕು.

'ವೆಣ್ಬಾ' ಬೇರೆಯೇ ಜಾತಿಯ ಆಟ. ಟೊರಾಂಟೊದ ವಿಸೈ ಗೇಮ್ಸ್‌ನವರು 2023ರಲ್ಲಿ ತಂದದ್ದು. ಎರಡು ತಾಸಿಗೆ ಮುಗಿಯುತ್ತದೆ. 1980ರ ದಶಕದ ಕೊನೆಗೆ ಕೆನಡಾಕ್ಕೆ ಹೋದ ತಮಿಳು ಗಂಡಹೆಂಡತಿ, ಅಲ್ಲೇ ಹುಟ್ಟಿದ ಮಗ ಕವಿನ್. ಮನೆಯೊಳಗೆ ತಮಿಳು, ಹೊಸ್ತಿಲ ಹೊರಗೆ ಇಂಗ್ಲಿಷ್. ತಾಯಿ ವೆಣ್ಬಾ ಕೇಳಿದ್ದಕ್ಕೆ ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗುತ್ತಾನೆ. ಇಲ್ಲಿ ಯಾರನ್ನೂ ಕೊಲ್ಲುವುದಿಲ್ಲ, ಅಡುಗೆ ಮಾಡುವುದು. ವೆಣ್ಬಾಳ ಬಳಿ ತನ್ನ ತಾಯಿಯ ಅಡುಗೆ ಪುಸ್ತಕವಿದೆ, ಹಾಳೆ ಹರಿದಿವೆ, ಅಕ್ಷರ ಕಲೆಸಿಹೋಗಿವೆ. ಅಳಿಸಿದ್ದನ್ನು ನಾವು ಊಹಿಸಬೇಕು. ಮೊದಲ ಒಗಟೇ ಇಡ್ಲಿ: ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಿದರೆ ಹಬೆ ಎಲ್ಲಕ್ಕೂ ಸರಿಯಾಗಿ ತಾಗುತ್ತದೆ?

ಹುಡುಗ ತಪ್ಪಿದ. ನಾನೂ ತಪ್ಪಿದೆ. ಚಿಗವ್ವ ಬೆಳ್ಳುಳ್ಳಿ ಕೈಯಲ್ಲೇ ಎದ್ದು ಬಂದು, "ಮ್ಯಾಲಿನ ತಟ್ಟಿ ತುಸು ತಿರುಗಿಸಿ ಇಡೋ, ಇಡ್ಲಿ ಮ್ಯಾಲೆ ಇಡ್ಲಿ ಬಂದ್ರ ಉಬ್ಬಾಕ ಜಾಗಾ ಎಲ್ಲೈತಿ" ಅಂದಳು. ಆಯಿತು. ಅವಳು ಇಡ್ಲಿ ಮಾಡುವುದು ಯುಗಾದಿಗೊಮ್ಮೆ, ಮನೆಯ ಊಟ ದಿನಾ ರೊಟ್ಟಿ. "ಇದರಾಗ ರೊಟ್ಟಿ ಇಲ್ಲೇನು?" ಎಂದು ಕೇಳಿದಳು. ಇಲ್ಲ.

ಆದರೆ ಇರಬೇಕಿತ್ತು. ರೊಟ್ಟಿ ಬಡಿಯುವುದರಷ್ಟು ಆಟಕ್ಕೆ ಹೊಂದುವ ಕೆಲಸ ಅಡುಗೆಮನೆಯಲ್ಲಿ ಮತ್ತೊಂದಿಲ್ಲ. ಜೋಳದ ಹಿಟ್ಟಿಗೆ ಕುದಿವ ಎಸರು ಎಷ್ಟು ಬೀಳಬೇಕು ಎಂಬುದರಲ್ಲೇ ಅರ್ಧ ಗೆಲುವು. ಕಡಿಮೆಯಾದರೆ ಅಂಚು ಸೀಳುತ್ತದೆ, ಹೆಚ್ಚಾದರೆ ಅಂಗೈಗೆ ಮೆತ್ತುತ್ತದೆ. ನಾದುವಾಗ ಅಂಗೈಯ ಬುಡ, ಬಡಿಯುವಾಗ ಬೆರಳು, ಬಡಿತದ ಜೊತೆಗೇ ಹಿಟ್ಟು ಚೂರುಚೂರೇ ತಿರುಗಬೇಕು. ಲಯ ತಪ್ಪಿದರೆ ಒಂದು ಬದಿ ದಪ್ಪ. ಎರಡೂ ಕೈಯಿಂದ ಎತ್ತಿ ಹಂಚಿಗೆ ಹಾಕುವ ಗಳಿಗೆಯಲ್ಲಿ ಹೊಸಬರೆಲ್ಲ ಸೋಲುತ್ತಾರೆ. ಮೇಲೆ ಒದ್ದೆ ಬಟ್ಟೆ ಸವರಿ, ತಿರುವಿ, ಉಬ್ಬುವುದನ್ನು ಕಾಯಬೇಕು. ಮುಂಜಾನೆ ಆರಕ್ಕೆ ಬೆಟಗೇರಿಯ ಓಣಿಯಲ್ಲಿ ನಡೆದುಹೋದರೆ ಮನೆಮನೆಯಿಂದ ಒಂದೊಂದು ಲಯ ಕೇಳುತ್ತದೆ. ಯಾರ ಮನೆಯ ಸಪ್ಪಳ ಯಾವುದು ಎಂದು ಚಿಗವ್ವ ಕಣ್ಣು ಮುಚ್ಚಿ ಹೇಳುತ್ತಾಳೆ. ಆಟ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಪುಕ್ಕಟೆ ತೆಗೆದುಕೊಳ್ಳಲಿ.

ಕೊನೆಗೆ ಅವಳ ಕೈಗೇ ಕಂಟ್ರೋಲರ್ ಕೊಟ್ಟದ್ದು 'ಆಸ್ಟ್ರೋ ಬಾಟ್' ಹಾಕಿದಾಗ. ಟೋಕಿಯೊದ ಟೀಮ್ ಅಸೋಬಿ ಮಾಡಿದ ಆಟ, 2024ರ ಸೆಪ್ಟೆಂಬರಿನದು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ದೊಡ್ಡ ಪ್ರಶಸ್ತಿ ಇದಕ್ಕೇ ಬಂತು. ಬೆರಳುದ್ದದ ಬಿಳಿ ಗೊಂಬೆಯೊಂದು ಓಡುತ್ತದೆ, ಜಿಗಿಯುತ್ತದೆ, ಅಷ್ಟೇ. ವಿಶೇಷವಿರುವುದು ಕೈಯಲ್ಲಿ. ಗೊಂಬೆ ತಗಡಿನ ಮೇಲೆ ನಡೆದರೆ ಅಂಗೈಗೆ ಟಕಟಕ, ಮರಳಿನ ಮೇಲೆ ನಡೆದರೆ ಸರಸರ, ಮಳೆ ಬಿದ್ದರೆ ಹನಿ ಹನಿ. ಹಳೆಯ ಕಂಟ್ರೋಲರುಗಳೊಳಗೆ ಒಂದು ಮಗ್ಗುಲು ಭಾರವಾದ ಗಾಲಿಯನ್ನು ಮೋಟಾರು ಗರಗರ ತಿರುಗಿಸುತ್ತಿತ್ತು, ಸಂತೋಷಕ್ಕೂ ಸಾವಿಗೂ ಒಂದೇ ನಡುಕ. ಇದರೊಳಗೆ ಸ್ಪೀಕರಿನಲ್ಲಿರುವಂಥ ಸುರುಳಿಗಳಿವೆ, ಸದ್ದನ್ನು ನುಡಿಸಿದ ಹಾಗೆಯೇ ನಡುಕವನ್ನೂ ನುಡಿಸುತ್ತವೆ. ತೋರುಬೆರಳಿನ ಗುಂಡಿಯ ಹಿಂದೆ ಸಣ್ಣ ಮೋಟಾರು, ಹಲ್ಲುಗಾಲಿ. ಬೇಕಾದಾಗ ಗುಂಡಿ ಬಿಗಿಯುತ್ತದೆ, ಬೆರಳಿಗೆ ಎದುರು ನಿಲ್ಲುತ್ತದೆ.

ಚಿಗವ್ವ ಮೊದಲೆರಡು ಸಲ ಗೊಂಬೆಯನ್ನು ನೀರಿಗೆ ಹಾಕಿದಳು. ಮೂರನೆಯ ಸಲ ಪರದೆಯಿಂದ ಕಣ್ಣು ತೆಗೆದು ಕಂಟ್ರೋಲರನ್ನೇ ನೋಡಿದಳು. "ಹಾ, ಇದು ಮಾತಾಡತೈತಿ." ಮಗ್ಗದಲ್ಲಿಯೂ ಹಾಗೆಯೇ ಅಂತೆ. ಲಾಳಿ ಈ ಕಡೆಯಿಂದ ಆ ಕಡೆಗೆ ಹೋಗುವಾಗ ಕಂಡಿಕೆಯಲ್ಲಿ ನೂಲು ಎಷ್ಟು ಉಳಿದಿದೆ ಎಂದು ಕೈಯ ತೂಕವೇ ಹೇಳುತ್ತದೆ, ಒಂದು ಎಳೆ ಹರಿದರೆ ಕಣ್ಣಿಗೆ ಕಾಣುವ ಮೊದಲು ಹಣಿಗೆ ಹಿಡಿದ ಕೈಗೆ ಗೊತ್ತಾಗುತ್ತದೆ. ಸಂಜೆಯ ಹೊತ್ತಿಗೆ ಅವಳು ಮೊದಲ ಘಟ್ಟ ದಾಟಿದಳು. ದಾಟಿದ ಮೇಲೆ ಒಂದೇ ತಕರಾರು: "ಕಾಲಿಗೆ ಕೆಲಸ ಇಲ್ಲಲ್ಲೋ. ಸುಮ್ನ ಜೋಲಾಡ್ತಾವ."

ಹುಡುಗ ಅವಳಿಗೆ ಇನ್ನೊಂದು ವಿಷಯ ಹೇಳಿದ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಶುರುವಾಗಿತ್ತು. ರಾಜೇಶ್ ರಾವ್ ಕಟ್ಟಿದ್ದು. ಹೊರದೇಶದ ಹೆಸರಾಂತ 'ಫೋರ್ಜಾ' ರೇಸ್ ಆಟಗಳಿಗೆ ಅಲ್ಲಿನವರು ಕಾರುಗಳನ್ನು ಮಾಡಿಕೊಡುತ್ತಿದ್ದರು. 2019ರಲ್ಲಿ ಜಿಟಿಎ ಮಾಡುವ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಕೈ ನಮ್ಮವರದು, ಡಬ್ಬಿಯ ಮೇಲಿನ ಹೆಸರು ಬೇರೆಯವರದು. ಚಿಗವ್ವನಿಗೆ ಇದು ಹೊಸದೇನೂ ಅನಿಸಲಿಲ್ಲ. ತಾನು ನೇಯ್ದ ಸೀರೆ ಅಂಗಡಿಯಲ್ಲಿ ಬೇರೆ ಊರಿನ ಹೆಸರಿನಿಂದ ಮಾರಾಟವಾದದ್ದನ್ನು ಅವಳು ಕಣ್ಣಾರೆ ಕಂಡವಳು.

ನಮ್ಮ ಕಾಲದ ಆಟಗಳನ್ನು ಹುಡುಗ ಕೇಳಿದ. ಗದಗ ಬಸ್‌ಸ್ಟ್ಯಾಂಡಿನ ಹತ್ತಿರ ಕತ್ತಲೆ ಕೋಣೆಯ ಅಂಗಡಿಯೊಂದರಲ್ಲಿ ನಾವು ಒಂದು ರೂಪಾಯಿ ನಾಣ್ಯ ಹಾಕಿ 'ಮುಸ್ತಫಾ' ಆಡುತ್ತಿದ್ದೆವು. ಅದರ ನಿಜ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್', ಕ್ಯಾಪ್‌ಕಾಮ್ ಕಂಪನಿಯ 1993ರ ಆಟ ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಹಳದಿ ಟೋಪಿಯ ಮುಸ್ತಫಾ ಓಡಿಬಂದು ಒದೆಯುವುದೇ ಮುಖ್ಯವಾಗಿತ್ತು, ಹೆಸರು ಯಾರಿಗೆ ಬೇಕು? ಆ ಆಟ ಮನೆಯ ಕನ್ಸೋಲಿಗೆ ಕೊನೆಗೂ ಬರಲೇ ಇಲ್ಲ. ಮನೆಗೆ ಬಂದದ್ದು 'ಟಿವಿ ಗೇಮ್'. ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಪೆಟ್ಟಿಗೆಯ ನಕಲು. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿರುತ್ತಿತ್ತು. ಎಣಿಸಿದರೆ ಹತ್ತಿಪ್ಪತ್ತೇ, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಜೊತೆಗೆ ಒಂದು ಪ್ಲಾಸ್ಟಿಕ್ ಪಿಸ್ತೂಲು, ಬಾತುಕೋಳಿ ಹೊಡೆಯಲು. ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯಲ್ಲಿ ಬಲೂನಿಗೆ ಗುರಿಯಿಟ್ಟು ಪಳಗಿದ ನಾನು ಅದರಲ್ಲಿ ಮನೆಗೇ ಮೊದಲಿಗ.

ಅಟ್ಟ ಹುಡುಕಿದಾಗ ಪೆಟ್ಟಿಗೆ, ಪಿಸ್ತೂಲು ಎರಡೂ ಸಿಕ್ಕವು. ಚಿಗವ್ವನ ಹೊಸ ಎಲ್‌ಇಡಿ ಟಿವಿಗೆ ಜೋಡಿಸಿದೆವು. ಆಟ ಮೂಡಿತು. ಪಿಸ್ತೂಲು ಮಾತ್ರ ಒಂದು ಬಾತನ್ನೂ ಬೀಳಿಸಲಿಲ್ಲ. ಕೆಟ್ಟಿದೆ ಎಂದುಕೊಂಡೆ. ಹುಡುಗ ಫೋನಿನಲ್ಲಿ ಹುಡುಕಿ, ಕೆಟ್ಟಿಲ್ಲ ಅಂದ. ಮೂವತ್ತು ವರ್ಷ ನಾನು ನಂಬಿದ್ದೇ ತಪ್ಪು: ಆ ಪಿಸ್ತೂಲು ಏನನ್ನೂ ಹಾರಿಸುವುದಿಲ್ಲ, ನೋಡುತ್ತದೆ. ಕುದುರೆ ಎಳೆದ ಕೂಡಲೇ ಪರದೆ ಕಣ್ಣು ಮಿಟುಕಿಸುವುದರೊಳಗೆ ಕಪ್ಪಾಗುತ್ತದೆ, ಬಾತು ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಹೊಳೆದು ಮಾಯವಾಗುತ್ತದೆ. ನಳಿಗೆಯೊಳಗಿನ ಬೆಳಕು ಹಿಡಿಯುವ ಬಿಲ್ಲೆಗೆ ಆ ಬಿಳುಪು ಕಂಡರೆ ಬಾತು ಸತ್ತಿತು. ಹಳೆಯ ಡಬ್ಬಿ ಟಿವಿಯಲ್ಲಿ ಇದೆಲ್ಲ ಲೆಕ್ಕವಿಟ್ಟ ಗಳಿಗೆಗೆ ನಡೆಯುತ್ತಿತ್ತು. ಹೊಸ ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಗಳಿಗೆ ಮೀರಿಹೋಗಿರುತ್ತದೆ.

ಡಬ್ಬಿ ಟಿವಿ ಎಲ್ಲಿದೆ? ಲಕ್ಷ್ಮೇಶ್ವರದಲ್ಲಿ, ನನ್ನ ಹೆಂಡತಿಯ ತವರಿನಲ್ಲಿ, ಬೀಜದ ಚೀಲಗಳ ಹಿಂದೆ. ಹುಡುಗನ ರಜೆ ಒಂದು ದಿನ ಉಳಿದಿತ್ತು. ಪೆಟ್ಟಿಗೆಯನ್ನು ಅದೇ ಟವಲಿನಲ್ಲಿ ಸುತ್ತಿಕೊಂಡು ಹೊರಟೆವು, ಸೋಮೇಶ್ವರ ಗುಡಿಯ ಮುಂದೆ ಹಾದು, ಮನೆ ಮುಟ್ಟಿ, ಚಹಾ ಕುಡಿದು, ಟಿವಿಯ ಧೂಳು ಜಾಡಿಸಿದೆವು. ಮಾವನವರು ನೆತ್ತಿಯ ಮೇಲೆ ಎರಡು ಗುದ್ದು ಕೊಟ್ಟ ಮೇಲೆ ಅದು ಹತ್ತಿಕೊಂಡಿತು. ಹುಡುಗ ಪಿಸ್ತೂಲು ಹಿಡಿದ. ಪ್ಲೇಸ್ಟೇಷನ್ನಿನಲ್ಲಿ ದೇವತೆಗಳನ್ನು ಕೆಡವಿದವನು ಮೊದಲ ಮೂರೂ ಗುಂಡು ತಪ್ಪಿದ. ಪೊದೆಯ ಹಿಂದಿನಿಂದ ಆ ಬೇಟೆನಾಯಿ ಎದ್ದು, ಬಾಯಿಗೆ ಕೈ ಅಡ್ಡ ಹಿಡಿದು, ಕಿಸಿಕಿಸಿ ನಕ್ಕಿತು.

"ಮಾಮಾ, ಈ ನಾಯಿಗೆ ಹೊಡಿಯಾಕ ಬರೂದಿಲ್ಲೇನ್ರಿ?"

ನಾನೂ ಅದನ್ನೇ ಪ್ರಯತ್ನಿಸಿದ್ದೆ, ಒಂದು ಬೇಸಿಗೆಯಿಡೀ.